ನಮ್ಮ ಮನೆಯ ಮೈನರ್

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆದರೂ ಒಂದು ಇಂಗ್ಲಿಷ್ ಶಬ್ದ ಹತ್ತು ವರ್ಷ ನಮ್ಮ ಪಡಸಾಲೆಯಲ್ಲಿ ಉಂಡು, ಮಲಗಿ, ಎದ್ದು ಓಡಾಡಿತು. ‘ಮೈನರ್’ ಎಂಬ ಶಬ್ದ ಅದು. ನನಗೀಗ ಕಿವಿ ಮಂದವಾಗಿದೆ. ಮಕ್ಕಳು ಕೂಗಿ ಕರೆದರೂ ಎಷ್ಟೋ ಸಲ ಕೇಳುವುದಿಲ್ಲ. ಆದರೆ ಕಟ್ಟೆಯ ಮೇಲೆ ಕುಳಿತವರು ಯಾರಾದರೂ ಆ ಮಾತು ಆಡಿದರೆ ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ, ಕೇಳಿದೊಡನೆ ಮೈ ಉರಿಯುತ್ತದೆ. ಆ ಶಬ್ದ ನಮ್ಮ ಮನೆಗೆ ಬಂದಾಗ ಅಪ್ಪ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ನಮ್ಮ ಕಾಕಾ, ಬಾಗಲಕೋಟೆಗೆಂದು ಹೋದವನು ನಾಲ್ಕು ದಿನ ಬಿಟ್ಟು ಬಂದ. ಕಾಲು ತೊಳೆಯುವ ಮೊದಲೇ, ಕಂಬಕ್ಕೆ ಒರಗಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಲೇ ತಿಪ್ಪ್ಯಾ, ಇನ್ನ ಮ್ಯಾಲೆ ನೀ ಮೈನರ್. ವಕೀಲರು ಹೇಳ್ಯಾರ. ನಿಂದೇನಿದ್ರೂ ನಾ ನೋಡಕೊಳ್ಳಾಂವ.”

ಬಾಗಿಲ ಮರೆಯಲ್ಲಿದ್ದ ಅವ್ವ ಗಾಬರಿಯಾಗಿ ಕೇಳಿದಳು.

“ಹಂಗಂದ್ರ ಏನ್ರಿ? ಹುಡುಗಗ ಏನರ ಆಗೈತೇನು?”

“ಏನೂ ಆಗಿಲ್ಲ ವೈನಿ. ಹದಿನೆಂಟು ತುಂಬೂತನಕ ಹುಡುಗರಿಗೆ ಸರಕಾರದವರು ಹಂಗ ಅಂತಾರ. ಅಲ್ಲೀತನಕ ಅಂವ ಏನಂದ್ರೂ ಅದು ಮಾತಲ್ಲ, ಎಲ್ಲಿ ರುಜು ಹಾಕಿದ್ರೂ ಅದು ರುಜು ಅಲ್ಲ.”

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದು ಉದ್ದನೆಯ ಮನೆ. ಕೆಂಪು ಕಲ್ಲಿನ ಮೆಟ್ಟಿಲು ಹತ್ತಿದರೆ ಮೊದಲು ಮಗ್ಗದ ಕೋಣೆ. ಅಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ನಾಲ್ಕು ಕುಣಿಮಗ್ಗಗಳು. ಎರಡು ಅಪ್ಪನವು, ಎರಡು ಕಾಕಾನವು. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಕಾಕಾನ ಕೋಣೆ, ಬಲಕ್ಕೆ ನಮ್ಮದು, ಹಿಂದೆ ಎಲ್ಲರಿಗೂ ಸೇರಿದ ಒಂದೇ ಅಡುಗೆಮನೆ. ಗಂಜಿ ಹಾಕಿದ ನೂಲಿನ ಹುಳಿವಾಸನೆ ಹಿತ್ತಲತನಕ ಹರಡಿರುತ್ತಿತ್ತು. ಅಪ್ಪ ಇದ್ದಾಗ ಊಟಕ್ಕೆ ಇಂಥವರು ಮೊದಲು, ಇಂಥವರು ಆಮೇಲೆ ಎಂಬುದು ಇರಲಿಲ್ಲ. ಹಸಿದವರು ಬಂದು ಕೂಡುತ್ತಿದ್ದರು. ಅಪ್ಪ ಹೋದ ಮೇಲೆ ಕಾಕಾ ಮೊದಲು ಬದಲಿಸಿದ್ದು ಇದನ್ನು. ಬಿಸಿ ರೊಟ್ಟಿಯ ಪಂಕ್ತಿ ಅವನದು. ಅವನ ಪಕ್ಕದಲ್ಲಿ ಅವನ ಮಗ ರಾಚ್ಯಾ ಕೂಡುವನು. ನಾನು, ನನ್ನ ತಂಗಿ ನೀಲಿ, ಅವ್ವ ಅವರು ಎದ್ದ ಮೇಲೆ. “ಮೈನರಗ ಎರಡು ರೊಟ್ಟಿ ಸಾಕ ಬಿಡು” ಎಂದು ಚಿಗವ್ವ, ಅಂದರೆ ಕಾಕಾನ ಹೆಂಡತಿ, ತಣ್ಣಗಾದ ರೊಟ್ಟಿಗಳನ್ನು ತಟ್ಟೆಗೆ ಒಗೆಯುವಳು. ರಾಚ್ಯಾ ನನಗಿಂತ ಎರಡು ವರ್ಷ ಚಿಕ್ಕವನು. ಕಾಯದೆ ನೋಡಿದರೆ ಅವನೂ ಮೈನರೇ. ಆದರೆ ಅಪ್ಪ ಬದುಕಿರುವ ಹುಡುಗನನ್ನು ಯಾರೂ ಹಾಗೆ ಕರೆಯುವುದಿಲ್ಲ. ಅದು ತಲೆಯ ಮೇಲೆ ಕೈ ಇಲ್ಲದವರಿಗಾಗಿಯೇ ಮಾಡಿದ ಮಾತು. ಇದನ್ನು ನನಗೆ ಯಾವ ವಕೀಲರೂ ಹೇಳಬೇಕಾಗಲಿಲ್ಲ.

ಕಾಕಾ ಊರಿಗೆ ಉಪಕಾರಿ, ಮನೆಗೆ ಮಾರಿ. ಓಣಿಯಲ್ಲಿ ಯಾರದೋ ಜಗಳ ಬಿಡಿಸಲಿಕ್ಕೆ, ಯಾರಿಗೋ ಹೆಣ್ಣು ಗೊತ್ತು ಮಾಡಲಿಕ್ಕೆ ಅವನೇ ಬೇಕು. ಬಣ್ಣದವರು ಬಂದು ಅಪ್ಪನ ಮಗ್ಗಕ್ಕೆ ಯಾವ ಬಣ್ಣದ ನೂಲು ಎಂದು ನನ್ನನ್ನು ಕೇಳಿದರೆ, “ಅಂವ ಮೈನರ್ ಅದಾನ, ಅವಗೇನ ಕೇಳ್ತೀರಿ?” ಎನ್ನುವನು. ಬೀಗರು ಮದುವೆಗೆ ಕರೆಯಲು ಬಂದು ನನ್ನ ಕೈಗೆ ಅಕ್ಷತೆ ಕೊಡಹೋದರೆ ನಡುವೆ ತನ್ನ ಕೈ ಚಾಚಿ ಅದೇ ಮಾತು. ಬರಬರುತ್ತ ಅದು ನನ್ನ ಹೆಸರೇ ಆಯಿತು. “ಮೈನರ್ ಎಲ್ಲಿ ಹ್ವಾದ? ಮೈನರಗ ನೀರು ತರಾಕ ಹೇಳು.” ಓಣಿಯ ಹುಡುಗರು ಗೋಲಿ ಆಡುವಾಗ ಅದನ್ನು ಕಲಿತರು. ಅರ್ಥ ಗೊತ್ತಿಲ್ಲದಿದ್ದರೂ ಅದು ಬೈಗುಳ ಎಂಬುದು ಅವರಿಗೆ ಗೊತ್ತಾಗಿತ್ತು. ಕೋರ್ಟಿನ ಕಾಗದಗಳಲ್ಲಿ ಅದಕ್ಕೆ ನಮ್ಮ ಕಡೆಯ ಶಬ್ದ ‘ಅಜ್ಞಾನ’ ಎಂದಿರುತ್ತಿತ್ತು. ನನ್ನ ಹೆಸರಿನ ಹಿಂದೆ ಅದನ್ನು ಮೊದಲ ಸಲ ಓದಿದಾಗ ನಾನು ಸಾಲೆಯಲ್ಲಿ ಎಲ್ಲರಿಗಿಂತ ಮುಂದಿದ್ದೆ. ಕಾಗದವನ್ನು ಹರಿದು ಒಲೆಗೆ ಹಾಕಬೇಕೆನ್ನಿಸಿತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನಾದೆ. ಅವತ್ತು ನೀಲಿ ನನ್ನ ಪಕ್ಕದಲ್ಲಿ ಕುಳಿತು, ರಾಟೆ ತಿರುಗಿಸುತ್ತ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳಿಗಾಗ ಏಳೆಂಟು ವರ್ಷ ಇದ್ದೀತು.

“ಅಣ್ಣಾ, ಮೈನರ್ ಅಂದ್ರ ಏನೋ?”

“ಇದ್ದೂ ಇಲ್ಲದಾಂವ.”

“ಹಂಗಾರ ನಾನೂ ಮೈನರ್ ಏನು?”

ನಾನು ನಕ್ಕೆ. ಹುಡುಗಿಯರಿಗೆ ಆ ಶಬ್ದವನ್ನೂ ಯಾರೂ ಕೊಡುವುದಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ನಡವಳಿಕೆಯ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ನನ್ನ ವಯಸ್ಸನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ನನಗಿಂತ ಮೊದಲು ಅವ್ವನಿಗೆ ಮೂರು ಗಂಡುಮಕ್ಕಳು ಹುಟ್ಟಿ ಹೋಗಿದ್ದವು. ಎರಡು ತೊಟ್ಟಿಲಲ್ಲೇ ಹೋದವು. ಹಿರಿಯವನು ಮಾತ್ರ ಉಳಿದು, ಬೆಳೆದು, ಅಪ್ಪನ ಮಗ್ಗದ ಹತ್ತಿರ ಕುಳಿತು ಲಾಳಿ ಎತ್ತಿಕೊಡುವಷ್ಟು ದೊಡ್ಡವನಾಗಿದ್ದ. ಒಂದು ಮಧ್ಯಾಹ್ನ ಸೀರೆ ಕೊಳ್ಳಲು ಬಂದ ಹೆಂಗಸೊಬ್ಬಳು ಅವನ ಗಲ್ಲ ಹಿಂಡಿ, ಎಷ್ಟು ವರ್ಷ ಎಂದು ಕೇಳಿದಳಂತೆ. ಅವ್ವ ಸಂಭ್ರಮದಿಂದ, “ಆರು ತುಂಬಿ ಏಳರಾಗ ಬಿದ್ದಾವ್ರಿ” ಎಂದಳಂತೆ. ಎಂಟನೆಯ ದಿನ ಜ್ವರದಲ್ಲಿ ಅವನು ಹೋದ. ಆಮೇಲೆ ನಾನು ಹುಟ್ಟಿದಾಗ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಣ್ಣ ಎಂದು ಹೆಸರಿಟ್ಟು ತಂದರು. ಅಷ್ಟನ್ನು ಮಕ್ಕಳು ಉಳಿಯದ ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಅವ್ವ ಅಷ್ಟಕ್ಕೆ ನಿಲ್ಲಲಿಲ್ಲ. ಜಾತಕ ಬರೆಸಗೊಡಲಿಲ್ಲ. ಯಾರು ಕೇಳಿದರೂ, “ದೇವರು ಇಟ್ಟಷ್ಟು” ಎನ್ನುವಳು. ಬಿಡದೆ ಕೇಳುವವರು ಸಿಕ್ಕರೆ ಮೂರು ವರ್ಷ ಕಡಿಮೆ ಮಾಡಿ ಹೇಳುವಳು. ಯಮನು ಹುಡುಕಿಕೊಂಡು ಬಂದರೆ, ಇವನು ಆ ಹುಡುಗನಲ್ಲ ಎಂದು ತಿರುಗಿ ಹೋಗಬೇಕು, ಅದು ಅವಳ ಯುಕ್ತಿ. ನನ್ನನ್ನು ಸಾಲೆಗೆ ಹಾಕಿದಾಗ ನನಗೆ ಎಂಟು. ಅವ್ವ ಐದು ಎಂದಳು. ಮಾಸ್ತರರು ನನ್ನ ಬಾಯಿ ತೆರೆಸಿ, ಹೊಸದಾಗಿ ಬಂದ ಎರಡು ದೊಡ್ಡ ಹಲ್ಲು ನೋಡಿ, “ಐದು ವರ್ಷಕ್ಕ ಭಾರಿ ಹಲ್ಲು ಬಂದಾವಲ್ಲವಾ!” ಎಂದು ನಕ್ಕು, ಅವಳು ಹೇಳಿದ್ದನ್ನೇ ಬರೆದುಕೊಂಡರು. ನೀಲಿಯ ವಿಷಯದಲ್ಲಿ ಅವ್ವನಿಗೆ ಇಂಥ ಯಾವ ಅಂಜಿಕೆಯೂ ಇರಲಿಲ್ಲ. ಸಂತೆಯಲ್ಲಿ, ಬನಶಂಕರಿಯ ಗುಡಿಯ ಪಾವಟಿಗೆಯ ಮೇಲೆ, ಭಾವಿಯ ಕಟ್ಟೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಅವಳ ವಯಸ್ಸನ್ನು ಬಾಯಿ ತುಂಬ ಹೇಳುತ್ತಿದ್ದಳು.

ನನಗೆ ನಿಜವಾಗಿ ಹದಿನೆಂಟು ತುಂಬಿದ ವರ್ಷ ಕಾಕಾ ರಾಚ್ಯಾನಿಗೆ ಹೆಣ್ಣು ಹುಡುಕಿ ಸೋತಿದ್ದ. ರಾಚ್ಯಾನಿಗೆ ಮೂರ್ಛೆ ಬರುತ್ತಿತ್ತು. ನೆಯ್ಯುತ್ತ ಕುಳಿತವನು ಮಗ್ಗದ ಕುಣಿಯೊಳಗೆ ಜಾರಿ ಬೀಳುವನು, ಬಾಯಲ್ಲಿ ನೊರೆ. ಸುತ್ತಲಿನ ಊರುಗಳಿಗೆಲ್ಲ ಇದು ಗೊತ್ತಿತ್ತು. ಕೊನೆಗೆ ಗುಳೇದಗುಡ್ಡದಿಂದ ಒಬ್ಬ ಸಾಹುಕಾರ ಬಂದ. ಕುಬಸದ ಖಣ ನೇಯಿಸುವವನು, ನಲವತ್ತು ದಾಟಿದವನು, ಹೆಂಡತಿ ಸತ್ತವನು, ನನಗಿಂತ ದೊಡ್ಡ ಗಂಡುಮಕ್ಕಳಿದ್ದವನು. ಅವನಿಗೊಬ್ಬ ಮಗಳಿದ್ದಳು. ಅವಳನ್ನು ರಾಚ್ಯಾನಿಗೆ ಕೊಡಲು ಒಪ್ಪಿದ. ಬದಲಿಗೆ ನೀಲಿಯನ್ನು ತನಗೆ ಕೊಡಬೇಕು. ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮಲ್ಲಿ ಹೊಸದಲ್ಲ. ಆದರೆ ಕೊಡುವುದು ತನ್ನ ಸ್ವಂತ ಮಗಳನ್ನು. ಕಾಕಾ ಕೊಡಲು ಹೊರಟಿದ್ದು ಸತ್ತ ಅಣ್ಣನ ಮಗಳನ್ನು. ಸಾಹುಕಾರ ನಮ್ಮ ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೀಲಿಯ ವಯಸ್ಸು ಕೇಳಿದ. ಅವ್ವ ಅವನು ಯಾತಕ್ಕೆ ಬಂದವನೆಂದು ತಿಳಿಯದೆ, ಬಾಗಿಲಾಚೆಯಿಂದಲೇ ಅಭ್ಯಾಸದಂತೆ, “ಹನ್ನೆರಡು ತುಂಬ್ಯಾವ್ರಿ” ಎಂದಳು. ಅವನು ಹೋದ ಮೇಲೆ ಕಾಕಾ ವಿಷಯ ಹೇಳಿದ.

“ಇಳಕಲ್ಲ ಸೀರಿಗೆ ಗುಳೇದಗುಡ್ಡದ ಕುಬಸ. ಇದಕ್ಕಿಂತ ಚಂದ ಜೋಡಿ ಯಾವುದೈತ್ರಿ ವೈನಿ?”

ಅವ್ವ ಅವತ್ತು ಮೊದಲ ಸಲ ಸೆರಗು ಸರಿಸಿ ಅವನ ಮುಂದೆ ಬಂದು ನಿಂತಳು. ಅವಳ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೆಯೇ ಇತ್ತು.

“ಅಂವ ಆಕಿ ಅಪ್ಪನಕಿಂತ ದೊಡ್ಡಾಂವ ಅದಾನ. ನಾ ಕೊಡೂದಿಲ್ಲ.”

“ನೀವು ಹೆಣ್ಣಮಗಳು. ನಿಮ್ಮ ಕೇಳೂದಲ್ಲ ಇದು.”

“ನಾ ಅಕಿ ಅಣ್ಣ ಅದೇನಿ. ನಾ ಕೊಡೂದಿಲ್ಲ” ಎಂದೆ ನಾನು.

ಕಾಕಾ ನನ್ನ ಕಡೆ ನೋಡಲೂ ಇಲ್ಲ. ಕೊಂಬಿನ ಕಡ್ಡಿಯಿಂದ ಹಲ್ಲು ಕೆದಕುತ್ತ, “ಮೈನರಗ ಮಾತಾಡಾಕ ಯಾರು ಹೇಳಿದ್ರು?” ಎಂದ. ಚಿಗವ್ವ ಒಳಗೆ ಪಾತ್ರೆ ಸದ್ದು ಮಾಡಿ ನಕ್ಕಳು. ನೀಲಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಿರಲಿಲ್ಲ, ಆದರೆ ನೂಲು ಎರಡು ಸಲ ಹರಿಯಿತು. ಅವತ್ತು ಕಾಕಾನನ್ನು ಕೊಲ್ಲಬೇಕೆಂದು ನನಗೆ ಅನ್ನಿಸಿತು. ಸುಮ್ಮನೆ ಸಿಟ್ಟಿನ ಮಾತಲ್ಲ ಇದು. ಮಗ್ಗದ ಅಡಿಗೋಲನ್ನು ಕೈಯಲ್ಲಿ ಹಿಡಿದು, ಅದರ ಭಾರ ನೋಡಿ, ಮತ್ತೆ ಇಟ್ಟಿದ್ದೇನೆ.

ಹುನಗುಂದದಿಂದ ಅವ್ವನ ತಮ್ಮ, ನನ್ನ ಸೋದರಮಾವ, ಬಂದ. ಅವನೇ ನನ್ನನ್ನು ಬಾಗಲಕೋಟೆಯಲ್ಲಿ ಬೇರೊಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದ. ವಕೀಲರು ಸಮಾಧಾನದ ಮನುಷ್ಯ. ನನ್ನ ಮಾತೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

“ತಂದಿ ಇಲ್ಲದ ಹುಡುಗಿ ಲಗ್ನಕ್ಕ ಕಾಕಾನಕಿಂತ ಮೊದಲು ಅಣ್ಣನ ಮಾತು ಬರ್ತದ. ಆದ್ರ ಅಣ್ಣ ಮೇಜರ್ ಆಗಿರಬೇಕು. ನಿನಗ ಹದಿನೆಂಟು ತುಂಬ್ಯಾವೋ ಇಲ್ಲೋ?”

“ತುಂಬ್ಯಾವ್ರಿ.”

“ಸಾಲಿ ದಾಖಲೆ ಏನಂತದ?”

ಮಾವ ಸಾಲೆಯಲ್ಲಿ ವಯಸ್ಸು ಬರೆಸಿದ ಕತೆ ಹೇಳಿದ. ಜಾತಕ ಇಲ್ಲ, ಸೂಲಗಿತ್ತಿ ಸತ್ತಿದ್ದಾಳೆ ಎಂದೂ ಹೇಳಿದ. ವಕೀಲರು ಒಂದು ದಾರಿ ಹೇಳಿದರು. ಹಡೆದವಳು ಕೋರ್ಟಿನಲ್ಲಿ ನಿಂತು, ಪ್ರಮಾಣ ಮಾಡಿ, ಹದಿನೆಂಟು ಎಂದು ಹೇಳಲಿ, ಸಾಲೆಯಲ್ಲಿ ಯಾಕೆ ಕಡಿಮೆ ಬರೆಸಿದೆ ಎಂಬುದನ್ನೂ ಹೇಳಲಿ, ನ್ಯಾಯಾಧೀಶರು ಈ ನಾಡಿನವರೇ, ಅವರಿಗೆ ತಿಳಿಯುತ್ತದೆ, ಉಳಿದದ್ದು ತಮಗೆ ಬಿಡಿ ಎಂದರು. ನನ್ನ ತಂಗಿಯ ಇಡೀ ಬಾಳು ಅವ್ವನ ಒಂದು ಮಾತಿನ ಮೇಲೆ ನಿಂತಿತು.

ಮದುವೆ ತಡೆಯುವ ದಾವೆಯ ತಾರೀಖು ಬಂದಾಗ ಅವ್ವ, ಮಾವ, ನಾನು ಎತ್ತಿನ ಬಂಡಿಯಲ್ಲಿ ಬಾಗಲಕೋಟೆಗೆ ಹೊರಟೆವು. ನೀಲಿಯನ್ನು ಓಣಿಯ ಅಜ್ಜಿಯೊಬ್ಬಳ ಹತ್ತಿರ ಬಿಟ್ಟಿದ್ದೆವು. ಹೊರಡುವಾಗ ಅವಳು ಬಂಡಿಯ ಗಾಲಿಯ ಹತ್ತಿರ ಬಂದು ಅವ್ವನ ಬುತ್ತಿಯ ಗಂಟನ್ನು ಎತ್ತಿಕೊಟ್ಟಳು. ಅಮೀನಗಡ ದಾಟಿ ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅವ್ವ ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ.

“ಹೇಳ್ತೇನಿ. ನನ್ನ ನೀಲಿಗೋಸ್ಕರ ಹೇಳ್ತೇನಿ. ಆದ್ರ ತಿಪ್ಪಾ, ನಾ ಹೇಳೂವಾಗ ನೀ ಅಲ್ಲಿ ಇರಬ್ಯಾಡ. ಕೋರ್ಟಿನ ಅಂಗಳ ದಾಟಿ ದೂರ ಹೋಗಿ ಕೂಡು. ನಿನ್ನ ಮಾರಿ ಕಣ್ಣಿಗೆ ಬಿದ್ರ ನನ್ನ ಬಾಯಿಂದ ಅದು ಬರೂದಿಲ್ಲ. ಹಿರ್‍ಯಾ ಮಗನ ಮಾರಿ ನೋಡಕೋತ ಹೇಳಿದ್ದೆ ನಾ, ನೆನಪೈತಿ.”

“ಆತವ್ವಾ” ಎಂದೆ.

“ನನ್ನ ಮ್ಯಾಲೆ ಆಣಿ ಮಾಡು.”

ಮಾಡಿದೆ. ಅವಳ ತಲೆಯ ಮೇಲೆ ಕೈ ಇಟ್ಟು ಮಾಡಿದೆ.

ಮರುದಿನ ಕೋರ್ಟಿನಲ್ಲಿ ಕಾಕಾ ಹೊಸ ರುಮಾಲು ಸುತ್ತಿಕೊಂಡು, ತನ್ನ ವಕೀಲರ ಹಿಂದೆ ಕುಳಿತಿದ್ದ. ಸಾಲೆಯ ದಾಖಲೆ ಮೇಜಿನ ಮೇಲಿತ್ತು. ಮೊದಲು ನನ್ನನ್ನು ಕರೆದು ಹೆಸರು ಕೇಳಿದರು, ನೋಡಿದರು, ಕಳಿಸಿದರು. ನನಗೆ ಆಗಲೇ ಮೀಸೆ ಚಿಗುರಿತ್ತು. ಕಾಕಾನ ವಕೀಲರು ನಕ್ಕು, ಕೆಲವರಿಗೆ ಹದಿನಾಲ್ಕಕ್ಕೇ ಬರುತ್ತದೆ ಎಂದರು. ಆಮೇಲೆ ಅವ್ವನ ಹೆಸರು ಕೂಗಿದರು. ನಾನು ಹೊರಗೆ ಹೋದೆ. ಅಂಗಳದ ಹುಣಸೆಮರದತನಕ ಹೋದೆ. ಆಣೆ ಮಾಡಿದಂತೆ ಅಲ್ಲೇ ಕೂಡಬೇಕಾಗಿತ್ತು. ಆದರೆ ನನ್ನೊಳಗೆ ಏಳು ವರ್ಷದ ತಣ್ಣನೆಯ ರೊಟ್ಟಿ ಇತ್ತು. ಅವ್ವ ಆ ಮಾತು ಹೇಳಿದ ಗಳಿಗೆಯಲ್ಲಿ ಕಾಕಾನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ನನ್ನನ್ನು ಹಿಡಿದು ಎಳೆಯಿತು. ಅದು ಆಸೆಯಲ್ಲ, ಹಸಿವು. ತಿರುಗಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಅಲ್ಲಿಂದ ಕಾಕಾನ ಮುಖ ಚೆನ್ನಾಗಿ ಕಾಣುತ್ತಿತ್ತು. ಅವ್ವನ ಬೆನ್ನು ನನ್ನ ಕಡೆ ಇತ್ತು. ಅವಳು ಪ್ರಮಾಣ ಮಾಡಿದಳು, ತನ್ನ ಹೆಸರು ಹೇಳಿದಳು, ಸತ್ತ ಗಂಡನ ಹೆಸರು ಹೇಳಲು ನಾಚಿ ತಮ್ಮನ ಕಡೆಯಿಂದ ಹೇಳಿಸಿದಳು. ನಮ್ಮ ವಕೀಲರು ಮೆತ್ತಗೆ ಕೇಳಿದರು.

“ಅಂಜಬ್ಯಾಡ್ರಿ. ನಿಮ್ಮ ಮಗಗ ಈಗ ಎಷ್ಟು ವರ್ಷ ಆತು, ಸಾಹೇಬರಿಗೆ ಹೇಳ್ರಿ.”

“ಹದಿ...” ಎಂದಳು ಅವ್ವ.

ಆಗ ಅವಳು ಹೊರಳಿ ನೋಡಿದಳು. ನಾನು ಅಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹೊರಳಿದಳು. ನಾನಿದ್ದೆ. ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು. ನಾನು ಹಿಂದೆ ಸರಿಯಲಿಲ್ಲ, ಸರಿಯಬೇಕೆಂದು ಆ ಕ್ಷಣ ತಿಳಿಯಲೂ ಇಲ್ಲ. ಅವ್ವ ಮತ್ತೆ ಮುಂದಕ್ಕೆ ತಿರುಗಿದಾಗ ಅವಳ ಭುಜ ಕುಸಿದಿದ್ದವು.

“ಸಾಲ್ಯಾಗ ನಾ ಬರಸಿದ್ದು ಖರೆ ಐತ್ರಿ. ಹದಿನೈದು.”

ಕಾಕಾನ ಮುಖವನ್ನು ನೋಡಬೇಕೆಂದು ನಿಂತವನು ನೋಡಿದೆ. ಮೊದಲು ಅವನಿಗೇ ನಂಬಿಕೆ ಬರಲಿಲ್ಲ. ಆಮೇಲೆ ರುಮಾಲಿನ ಚುಂಗಿನಿಂದ ಮೀಸೆ ಒರೆಸಿಕೊಂಡ. ಒಳಗಿನ ಕೆಲಸ ಅಲ್ಲಿಗೇ ಮುಗಿಯಿತು. ಹೊರಗೆ ಮಾವ ಮಣ್ಣಿನಲ್ಲಿ ಕುಳಿತು ತಲೆ ಹಿಡಿದುಕೊಂಡ.

“ಅಕ್ಕಾ, ಏನ ಮಾಡಿದಿ ನೀ?”

“ನನಗಿರೂದು ಒಂದು ಕಣ್ಣು. ಅದನ್ನೂ ಕಳಕೊಳ್ಳಲೇನೋ?”

ಅವಳಿಗೆ ಇಬ್ಬರು ಮಕ್ಕಳಿದ್ದರು. ಹಾಗೆಂದು ಕೂಗಿ ಹೇಳಬೇಕೆನ್ನಿಸಿತು. ಆದರೆ ಬಾಗಿಲಲ್ಲಿ ನಿಂತವನು ನಾನು. ದಾರಿಯುದ್ದಕ್ಕೂ ಅವ್ವ ನನಗೆ, ಯಾಕೆ ಬಂದೆ, ಯಾಕೆ ಆಣೆ ಮುರಿದೆ ಎಂದು ಒಂದು ಸಲವೂ ಕೇಳಲಿಲ್ಲ. ಬೈದಿದ್ದರೆ ನಾನು ಎದುರು ಬೈದು ಹಗುರಾಗುತ್ತಿದ್ದೆ. ಮಾವ ಒಳಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದರಿಂದ ಅವನು ನನ್ನನ್ನು ನೋಡಿರಲಿಲ್ಲ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನೀಲಿ ಓಣಿಯ ತುದಿಯಲ್ಲೇ ನಿಂತಿದ್ದಳು. ಕೋರ್ಟಿನಲ್ಲಿ ಆದದ್ದನ್ನು ಮಾವನೇ ಹೇಳಿದ. ಅವಳು ಎಲ್ಲ ಕೇಳಿ ಅವ್ವನ ಎದುರಿಗೆ ಬಂದು ನಿಂತಳು. ಹನ್ನೆರಡು ವರ್ಷದ ಹುಡುಗಿ ಹೀಗೆ ನೆಟ್ಟಗೆ ನೋಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ.

“ಸಂತ್ಯಾಗ, ಗುಡ್ಯಾಗ, ಕಂಡ ಕಂಡವರಿಗೆಲ್ಲಾ ನನ್ನ ವಯಸ್ಸು ಹೇಳ್ಕೋತ ಬಂದಿ. ನನ್ನದು ಹೇಳಾಕ ನಿನಗ ಎಂದೂ ಅಂಜಿಕಿ ಆಗಲಿಲ್ಲಲ್ಲಬೇ?”

ಅವ್ವ ಅವಳ ಕೈ ಹಿಡಿಯಲು ಹೋದಳು. ನೀಲಿ ಕೈ ಹಿಂದಕ್ಕೆ ಎಳೆದುಕೊಂಡಳು. ಅದೇ ಕೊನೆ. ಅಲ್ಲಿಂದ ಮುಂದೆ ಅವಳು ಅವ್ವನ ಜೊತೆ ಮಾತಾಡಲಿಲ್ಲ. ಎರಡು ಮದುವೆಗಳನ್ನೂ ಒಂದೇ ಚಪ್ಪರದಲ್ಲಿ ಮಾಡಿದರು. ಅಣ್ಣನಾದ ನಾನು ಮಾಡಬೇಕಾದ ಶಾಸ್ತ್ರಗಳನ್ನೆಲ್ಲ ಕಾಕಾ ಮಾಡಿದ, ಮೈನರ್ ಬದಿಗೆ ನಿಂತಿದ್ದ. ಬಂಡಿ ಹೊರಡುವಾಗ ನೀಲಿ ನನ್ನ ಕಾಲು ಮುಟ್ಟಿದಳು, ಮಾವನ ಕಾಲು ಮುಟ್ಟಿದಳು, ಅಪ್ಪನ ಮಗ್ಗಕ್ಕೂ ಕೈ ಮುಗಿದಳು. ಅವ್ವನನ್ನು ದಾಟಿ ಹೋದಳು. ಅವಳು ನನ್ನ ಕಾಲು ಮುಟ್ಟಿದ್ದು ನನಗೆ ಕೊಟ್ಟ ಶಿಕ್ಷೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಇನ್ನೂ ಮೂರು ವರ್ಷ ನಾನು ಮೈನರ್ ಆಗಿಯೇ ಉಳಿದೆ. ಸಾಲೆಯ ದಾಖಲೆಯಂತೆ ಹದಿನೆಂಟು ತುಂಬಿದ ದಿನ ಯಾರೂ ಏನೂ ಅನ್ನಲಿಲ್ಲ. ಕಾಕಾ ಆ ಶಬ್ದವನ್ನು ಸುಮ್ಮನೆ ಬಿಟ್ಟುಬಿಟ್ಟ, ಕೆಲಸ ಮುಗಿದ ಮೇಲೆ ಅದರ ಗೊಡವೆ ಅವನಿಗೇನು? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಾನು ಮೇಜರ್ ಆಗಿ ಮಾಡಿದ ಮೊದಲ ಕೆಲಸ ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದ್ದು. ಮಗ್ಗಗಳನ್ನು ಬೇರೆ ಮಾಡಿಸಿದೆ, ಬೇರೆ ಒಲೆ ಹೂಡಿಸಿದೆ. ಗೋಡೆ ಮುಗಿದ ದಿನ ಕಾಕಾ ಆಚೆಯಿಂದ, “ಗ್ವಾಡಿ ಗಟ್ಟಿ ಆಗೈತೇನಲೇ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಅವನು ಸಾಯುವತನಕವೂ ಕೊಡಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಗುಳೇದಗುಡ್ಡದ ಸಾಹುಕಾರ ಏಳು ವರ್ಷ ಬದುಕಿದ. ಅವನು ಸತ್ತ ಮೇಲೆ ಅವನ ಗಂಡುಮಕ್ಕಳು ನೀಲಿಯನ್ನು ಒಂದು ಗಂಟಿನ ಸಮೇತ ನಮ್ಮ ಮೆಟ್ಟಿಲ ಮೇಲೆ ಇಳಿಸಿ ಹೋದರು. ಅವಳಿಗೆ ಮಕ್ಕಳಿರಲಿಲ್ಲ. ಆಗ ನನ್ನ ಮದುವೆಯಾಗಿತ್ತು. ನೀಲಿ ನನ್ನ ಹೆಂಡತಿಯ ಜೊತೆ ನಗುತ್ತಿದ್ದಳು, ಓಣಿಯವರ ಜೊತೆ ಹರಟುತ್ತಿದ್ದಳು, ಮತ್ತೆ ಮೊದಲಿನಂತೆ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಅವ್ವನ ಜೊತೆ ಮಾತ್ರ ಇಲ್ಲ. ಅವ್ವ ಬಡಿದ ರೊಟ್ಟಿ ಉಣ್ಣುವಳು, ಉಪ್ಪು ಬೇಕಾದರೆ ನನ್ನ ಹೆಂಡತಿಗೆ ಹೇಳುವಳು. ಅವ್ವ ದಿನಾ ಮೊದಲ ಬಿಸಿ ರೊಟ್ಟಿಯನ್ನು ಅವಳ ತಟ್ಟೆಗೇ ಹಾಕುತ್ತಿದ್ದಳು. ನೀಲಿ ಅದನ್ನು ಎತ್ತಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು. ಇಬ್ಬರ ನಡುವೆ ಕುಳಿತು ಆ ರೊಟ್ಟಿಯನ್ನು ಉಂಡವನು ನಾನು.

ಆ ವರ್ಷ ಸರಕಾರದ ಖಾನೇಸುಮಾರಿ ಬಂತು, ಮನೆಮನೆಗೆ ಬಂದು ತಲೆ ಎಣಿಸಿ ಬರೆದುಕೊಂಡು ಹೋಗುವುದು. ಸಾಲೆಯ ಮಾಸ್ತರರೊಬ್ಬರಿಗೆ ನಮ್ಮ ಓಣಿ ಹಚ್ಚಿದ್ದರು. ಮಧ್ಯಾಹ್ನದ ಹೊತ್ತು. ನಾನು ಮಗ್ಗದ ಕುಣಿಯಲ್ಲಿದ್ದೆ. ಅವರು ಕಟ್ಟೆಯ ಮೇಲೆ ಕುಳಿತು ಮಸಿಯ ದೌತಿ ಬಿಚ್ಚಿ, ನನ್ನ ಹೆಸರು ಬರೆದು, ವಯಸ್ಸು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವ ಅಂದಳು.

“ದೇವರು ಇಟ್ಟಷ್ಟು, ಬರಕೊಳ್ರಿ.”

“ಹಂಗ ಬರದ್ರ ಮ್ಯಾಲಿನವರು ನನಗ ಬೈತಾರಬೇ ಯಮ್ಮಾ” ಎಂದು ಮಾಸ್ತರರು ನಕ್ಕರು. “ಅಂದಾಜ ಹೇಳು.”

“ಇಪ್ಪತ್ತೈದು.”

ರಾಟೆ ನಿಂತಿತು. ನೀಲಿ ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಇಪ್ಪತ್ತೆಂಟು ಬರೀರಿ ಮಾಸ್ತರ. ಇಪ್ಪತ್ತೆಂಟು ತುಂಬಿ ಇಪ್ಪತ್ತೊಂಬತ್ತರಾಗ ಬಿದ್ದಾವು.”

ಓಣಿಗೆಲ್ಲ ಕೇಳುವಂತೆ ಹೇಳಿದಳು. ಅವ್ವ ಹಿಂದೆ ಹಿರಿಯ ಮಗನ ಬಗ್ಗೆ ಹೇಳಿದ್ದ ಅದೇ ಮಾತಿನ ಅದೇ ಜೋಡಣೆ. ಆ ಕತೆಯನ್ನು ನಾವು ಸಣ್ಣವರಿದ್ದಾಗಿನಿಂದ ಅವ್ವ ನಮ್ಮಿಬ್ಬರಿಗೂ ಹೇಳುತ್ತ ಬಂದಿದ್ದಳು, ನೀಲಿಗೆ ಅದು ಬಾಯಿಪಾಠ. ಮಾಸ್ತರರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಇಪ್ಪತ್ತೆಂಟು ಎಂದು ಬರೆದುಕೊಂಡರು. ಅವ್ವ ಒಳಗಿನಿಂದ ಓಡಿ ಬಂದಳು. ಕುಣಿಯಲ್ಲಿದ್ದ ನನ್ನ ತಲೆಯ ಮೇಲೆ ಸೆರಗು ಹೊಚ್ಚಿ ಬಿಗಿಯಾಗಿ ಅಪ್ಪಿಕೊಂಡಳು. ಉಪ್ಪು ಮೆಣಸಿನಕಾಯಿ ತಂದು, ದೃಷ್ಟಿ ತಾಗದಂತೆ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟಿಗೆ ಗೋಡೆಯಾಚೆ ಕಾಕಾ ಕೆಮ್ಮಿದ. ಇಪ್ಪತ್ತೆಂಟು ವರ್ಷದ ಗಂಡಸು, ಹೆಂಡತಿಯ ಎದುರಿಗೆ, ತಾಯಿಯ ಸೆರಗಿನೊಳಗೆ ತಲೆ ಹುದುಗಿಸಿಕೊಂಡು ಕುಳಿತಿದ್ದೆ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನೀಲಿ ಮಾತ್ರ ಹೋಗಿ ರಾಟೆಯ ಮುಂದೆ ಕುಳಿತಳು.

ಅಂದಿನಿಂದ ಅವ್ವ ದಿನ ಎಣಿಸತೊಡಗಿದಳು. ಮುಂಜಾನೆ ನನ್ನ ಹಣೆ ಮುಟ್ಟಿ ನೋಡುವಳು, ನಾನು ಹಿತ್ತಲಿಗೆ ಹೋದರೆ ಬಾಗಿಲತನಕ ಬರುವಳು. ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ. ಹಿರಿಯವನನ್ನು ಒಯ್ದಿದ್ದ ಆ ಎಂಟನೆಯ ದಿನ ಬಂದಾಗ ಇಡೀ ಹಗಲು ಮಗ್ಗದ ಪಕ್ಕದಲ್ಲಿ ಬನಶಂಕರಿಯ ಹೆಸರು ಹೇಳುತ್ತ ಕುಳಿತಳು. ನನಗೆ ಒಂದು ಸೀನೂ ಬರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ನಾನು, ನೀಲಿ ಊಟಕ್ಕೆ ಕುಳಿತಿದ್ದೆವು. ಅವ್ವ ಒಲೆಯ ಮುಂದಿದ್ದಳು. ನಾನು ಬದನೆಕಾಯಿ ಪಲ್ಯದ ಜೊತೆ ಎರಡನೆಯ ರೊಟ್ಟಿ ಮುರಿದೆ. ನೀಲಿ ತನ್ನ ತಟ್ಟೆಯಿಂದ ಕಣ್ಣೆತ್ತಿದಳು, ಅವ್ವನನ್ನು ನೇರವಾಗಿ ನೋಡಿದಳು, ಹತ್ತು ವರ್ಷದ ಮೇಲೆ ಮೊದಲ ಸಲ ಅವಳೊಡನೆ ಮಾತಾಡಿದಳು.

“ನೋಡಬೇ ಯವ್ವಾ. ಇನ್ನೂ ಉಣ್ಣಾಕತ್ತಾನ.”

ಅವ್ವ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವುವುದು ಮರೆತಳು. ಸುಡುವ ವಾಸನೆ ಬಂತು. ಅವಳು ನೀಲಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ಅವತ್ತು ಕೋರ್ಟಿನಲ್ಲಿ ಹೊರಳಿ ನೋಡಿದ ಹಾಗೆಯೇ. ‘ನಾ ಹೇಳಾಕ ಹತ್ತಿದ್ದೆ, ನಿಮ್ಮಣ್ಣ ಬಾಗಿಲದಾಗ ಬಂದು ನಿಂತ’ ಎಂದು ಅವಳು ಅಂದಿದ್ದರೆ ಸಾಕಾಗಿತ್ತು. ಹತ್ತು ವರ್ಷದಲ್ಲಿ ಯಾವತ್ತು ಅಂದಿದ್ದರೂ ಮಗಳು ಅವಳಿಗೆ ತಿರುಗಿ ಸಿಗುತ್ತಿದ್ದಳು. ಅವಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅವ್ವ ಸುಟ್ಟ ರೊಟ್ಟಿಯನ್ನು ತನಗೆಂದು ಬದಿಗಿಟ್ಟು, ಹೊಸದೊಂದು ಬಡಿದು, ಬೇಯಿಸಿ, ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನೂ ಉಂಡೆ.